ಸೊನ್ನೆಗಿಂತ ಕೆಳಗೆ ಹುಟ್ಟಿದವರು

ನಾನು ಹುಟ್ಟಿದ್ದು 1963ರಲ್ಲಿ, ಅಂದರೆ ಯಂತ್ರಗಳ ಲೆಕ್ಕದಲ್ಲಿ ಸೊನ್ನೆಗಿಂತ ಕೆಳಗೆ. ನಾವು ಬರೆಯುವ ಆಪರೇಟಿಂಗ್ ಸಿಸ್ಟಮ್‌ಗೆ 1970ರ ಜನವರಿ ಒಂದನೇ ತಾರೀಕೇ ಜಗತ್ತಿನ ಮೊದಲ ದಿನ. ಅಲ್ಲಿಂದ ಈಚೆಗೆ ಎಷ್ಟು ಸೆಕೆಂಡು ಕಳೆಯಿತು ಎಂದು ಅದು ಎಣಿಸುತ್ತಾ ಹೋಗುತ್ತದೆ, ಅದಕ್ಕಿಂತ ಹಿಂದಿನದ್ದಕ್ಕೆಲ್ಲ ಒಂದು ಮೈನಸ್ ಅಂಟಿಸುತ್ತದೆ. ಆಫೀಸಿನ ಹುಡುಗರಿಗೆ ನನ್ನನ್ನು ಕಾಡಿಸಲು ಇಷ್ಟು ಸಾಕು. "ಹಿಲ್ಕಾ ಮೈನಸ್ಸಲ್ಲಿ ಹುಟ್ಟಿದೋಳು, ಅದಕ್ಕೇ ಯಾವಾಗ್ಲೂ ಸಿಡುಕು" ಅನ್ನುತ್ತಾರೆ. ಅನ್ನಲಿ, ಸಿಡುಕು ಇರುವುದಂತೂ ನಿಜ.

ಆ ಮೈನಸ್ಸಿನ ವಿಷಯದಲ್ಲಿ ನಮ್ಮ ಕೋಡ್‌ನಲ್ಲಿ ಒಂದು ಹಳೆಯ ತಪ್ಪಿತ್ತು. ಸೆಕೆಂಡುಗಳನ್ನು ದಿನಗಳಾಗಿ ಬದಲಿಸುವಾಗ ಮಿಕ್ಕ ಚಿಲ್ಲರೆಯನ್ನು ಅದು ಸುಮ್ಮನೆ ಬಿಟ್ಟುಬಿಡುತ್ತಿತ್ತು. ಸೊನ್ನೆಯ ಮೇಲಿರುವಾಗ ಇದರಿಂದ ಏನೂ ಕೆಡುವುದಿಲ್ಲ. ಮೂರೂವರೆ ಮಹಡಿ ಹತ್ತಿದವನು ಚಿಲ್ಲರೆ ಬಿಟ್ಟರೆ ಮೂರನೇ ಮಹಡಿಯಲ್ಲಿದ್ದಾನೆ, ಸರಿ. ನೆಲದ ಕೆಳಗೆ ಇಳಿದರೆ ಕಥೆ ಬೇರೆ. ಸೌನಾ, ಅಂದರೆ ಹಬೆಸ್ನಾನದ ಕೋಣೆ, ಇರುವ ನೆಲಮಾಳಿಗೆಗೆ ಅರ್ಧ ಮಹಡಿ ಇಳಿದು ನಿಂತವನು ಚಿಲ್ಲರೆ ಬಿಟ್ಟರೆ ಮತ್ತೆ ನೆಲದ ಮೇಲೆ ಬಂದುಬಿಡುತ್ತಾನೆ. ಹೀಗೆ 1970ಕ್ಕೆ ಮೊದಲಿನ ದಿನಗಳೆಲ್ಲ ನಮ್ಮ ಲೆಕ್ಕದಲ್ಲಿ ಒಂದೊಂದು ದಿನ ಮುಂದಕ್ಕೆ ಜಾರಿ ಕೂರುತ್ತಿದ್ದವು.

ಇದನ್ನು ಸರಿಪಡಿಸೋಣ ಎಂದು ವರ್ಷಗಟ್ಟಲೆ ಬಡಿದುಕೊಂಡೆ. ನಮ್ಮ ಮೇಲಿನವನು ಅನ್ಸೆಲ್ಮಿ, ನನಗಿಂತ ಎಷ್ಟೋ ಚಿಕ್ಕವನು, ಪ್ರತಿ ಸಲವೂ ಒಂದೇ ಮಾತು ಕೇಳುತ್ತಿದ್ದ: "ಯಾರಾದ್ರೂ ದೂರು ಕೊಟ್ಟಿದಾರಾ?" ಯಾರೂ ಕೊಟ್ಟಿರಲಿಲ್ಲ. ನಮ್ಮ ಜನ ದೂರು ಕೊಡುವುದಿಲ್ಲ. ಬಸ್ಸಿನಲ್ಲಿ ಇನ್ನೊಬ್ಬರ ಚೀಲ ತಮ್ಮ ಕಾಲ ಮೇಲೆ ಕೂತಿದ್ದರೂ ಇಳಿಯುವ ಸ್ಟಾಪ್ ಬರುವವರೆಗೆ ಸುಮ್ಮನಿರುತ್ತಾರೆ. ಹಾಗಾಗಿ ದೂರು ಇಲ್ಲ ಎಂದರೆ ತಪ್ಪೂ ಇಲ್ಲ ಎಂದು ಅವನ ತೀರ್ಮಾನ. ಈ ಶರತ್ಕಾಲದಲ್ಲಿ ಕೊನೆಗೂ ಅವನು ಸೋತ. ನನ್ನ ತಿದ್ದುಪಡಿ ಹೊಸ ಆವೃತ್ತಿಯಲ್ಲಿ ಸೇರಿತು, ಅದು ಒಂದು ಗುರುವಾರ ಬೆಳಿಗ್ಗೆ ಆಸ್ಪತ್ರೆಗಳ ರಕ್ತದ ಕಪಾಟುಗಳಿಗೆ ಹೋಯಿತು.

ರಕ್ತದ ಕಪಾಟು ಎಂದರೆ ಉಕ್ಕಿನ ಎರಡು ಗೋಡೆಯ, ಆಳೆತ್ತರದ ಶೀತಲ ಪೆಟ್ಟಿಗೆ. ಮುಂದೆ ನೋಡಲು ಒಂದು ಸಣ್ಣ ಗಾಜಿನ ಕಿಂಡಿ, ಒಳಗೆ ಸುತ್ತುವ ಖಾನೆಗಳು. ರೋಗಿಯ ಕೈಪಟ್ಟಿಯನ್ನು ಅದಕ್ಕೆ ತೋರಿಸಬೇಕು, ಹೆಸರು ಮತ್ತು ಹುಟ್ಟಿದ ದಿನ ಎರಡೂ ಹೊಂದಿದರೆ ಆ ರೋಗಿಗೆಂದು ಇಟ್ಟ ಖಾನೆ ಮಾತ್ರ ತೆರೆಯುತ್ತದೆ. ಹೊಂದದಿದ್ದರೆ ತೆರೆಯುವುದಿಲ್ಲ. ಮೂರು ಸಲ ತಪ್ಪಿದರೆ ಇಡೀ ಕಪಾಟು ಒಂದು ಗಂಟೆ ಬೀಗ ಹಾಕಿಕೊಂಡು ಕೂರುತ್ತದೆ. ಒಬ್ಬರ ರಕ್ತ ಇನ್ನೊಬ್ಬರಿಗೆ ಹೋಗಬಾರದು, ಅದಕ್ಕೆ ಈ ಬಿಗಿ.

ತನ್ನ ತಿದ್ದುಪಡಿ ಹೊರಗೆ ಹೋದ ದಿನ ಕಾಫಿ ಕೋಣೆಗೆ ದಾಲ್ಚಿನ್ನಿ ಬನ್ನು ತರುವುದು ನಮ್ಮಲ್ಲಿ ರೂಢಿ. ನಾನು ಎರಡು ಡಬ್ಬಿ ತಂದಿದ್ದೆ. ಮಧ್ಯಾಹ್ನ ಎಲ್ಲರೂ ತಿನ್ನುತ್ತಿರುವಾಗ ರೈಮೊ ಒಳಗೆ ಬಂದ. ಕಪಾಟಿನ ಪ್ರೋಗ್ರಾಮ್ ಬರೆಯುವವನು ಅವನೇ, ನಮ್ಮ ಆಪರೇಟಿಂಗ್ ಸಿಸ್ಟಮ್‌ನ ಮೇಲೆ ಓಡುವುದು ಅವನು ಬರೆದದ್ದೇ. ನನ್ನ ಪಕ್ಕದ ಪಕ್ಕದ ಕೋಣೆಯಲ್ಲಿ ಹದಿನಾರು ವರ್ಷದಿಂದ ಇದ್ದಾನೆ, ನಾವಿಬ್ಬರೂ ಆಡಿದ ಮಾತನ್ನೆಲ್ಲ ಕೂಡಿಸಿದರೆ ಒಂದು ಪುಟ ತುಂಬಲಿಕ್ಕಿಲ್ಲ. ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆಂದು ರಜೆ ಹಾಕಿ ಹೋಗಿದ್ದವನು ಅವತ್ತೇ ವಾಪಸ್ಸು ಬಂದಿದ್ದ.

"ಏನು ವಿಶೇಷ?" ಎಂದು ಬನ್ನು ಎತ್ತಿಕೊಂಡ.

"ಹಿಲ್ಕಾ ಗೆದ್ಲು" ಅಂದ ಅನ್ಸೆಲ್ಮಿ. "ಸೊನ್ನೆ ಕೆಳಗಿನ ತಾರೀಕೆಲ್ಲ ಸರಿಯಾಯ್ತಂತೆ. ಬೆಳಿಗ್ಗೆನೇ ಹೋಯ್ತು."

ರೈಮೊ ಕಚ್ಚಿದ ಬನ್ನನ್ನು ಹಾಗೇ ತಟ್ಟೆಯಲ್ಲಿಟ್ಟ. ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ನನಗೆ ಸ್ವಲ್ಪ ಬೇಜಾರಾಯಿತು, ಒಂದು ಮಾತು 'ಒಳ್ಳೇದಾಯ್ತು' ಅನ್ನಬಹುದಿತ್ತು ಈ ಮನುಷ್ಯ.

ಹೊರಗೆ ನಮ್ಮ ಔಲು ಊರಿನ ಮೇಲೆ ಮಧ್ಯಾಹ್ನವೇ ಕತ್ತಲಿಳಿಯುತ್ತಿತ್ತು, ಹಿಮನಾಡಿನ ನವೆಂಬರ್ ಅಲ್ಲವೇ. ಆಗ ಫೋನು ಬಂತು. ಅನ್ಸೆಲ್ಮಿ ಎತ್ತಿದ, ಎರಡು ಮಾತು ಕೇಳಿದ, ಮುಖ ಬಿಳುಚಿಕೊಂಡಿತು. ಫೋನನ್ನು ಮೇಜಿನ ಮೇಲಿಟ್ಟು ಎಲ್ಲರಿಗೂ ಕೇಳುವಂತೆ ಮಾಡಿದ.

"ನನ್ನ ಹೆಸರು ವಿಯೆನಾ, ಇಲ್ಲಿ ರಕ್ತದ ಲ್ಯಾಬಲ್ಲಿ ಇರೋದು" ಎಂದಿತು ಹೆಣ್ಣು ದನಿ. ಉತ್ತರದ ಒಂದು ಸಣ್ಣ ಆಸ್ಪತ್ರೆ ಅದು, ನಮ್ಮ ಹಳೆಯ ಗಿರಾಕಿ. "ನಿಮ್ಮ ಕಪಾಟು ನಮ್ಮ ರೋಗಿಯನ್ನ ಇಲ್ಲ ಅಂತಿದೆ. ಹೆಂಗಸು ಆಪರೇಷನ್ ಟೇಬಲ್ ಮೇಲಿದಾರೆ, ಹೊಟ್ಟೆ ತೆರೆದಿದೆ, ರಕ್ತ ನಿಲ್ತಿಲ್ಲ. ಅವರಿಗೆ ಅಂತ ಇಟ್ಟ ಚೀಲಗಳು ಒಳಗಿವೆ. ಗಾಜಿನಾಚೆ ಕಾಣ್ತಿವೆ ನನಗೆ. ಬಾಗಿಲು ತೆಗೀತಿಲ್ಲ!"

"ತುರ್ತಿಗೆ ಅಂತ ಬೇರೆ ರಕ್ತ ಇಟ್ಟಿರ್ತೀರಲ್ಲ, ಎಲ್ಲರಿಗೂ ಆಗೋದು?" ಅಂದೆ ನಾನು.

"ಇವರಿಗೆ ಆಗಲ್ಲಮ್ಮಾ. ಇವರ ಮೈ ಅದನ್ನ ಒಡೆದು ಹಾಕುತ್ತೆ. ಅದಕ್ಕೇ ತಾನೆ ದಕ್ಷಿಣದಿಂದ ಹುಡುಕಿ ತರಿಸಿದ್ದು? ನಿನ್ನೆ ಸಂಜೆ ಬಂತು, ನಾನೇ ಒಳಗಿಟ್ಟೆ. ಮೇಂಟೆನೆನ್ಸಿನವನು ಲೋಹ ಕೊಯ್ಯೋ ಗ್ರೈಂಡರ್ ತರೋಕೆ ಹೋಗಿದಾನೆ, ಕಪಾಟಿನ ಉಕ್ಕು ಕೊಯ್ತಾನಂತೆ. ಆ ಕಾವಿಗೆ ಒಳಗಿರೋ ರಕ್ತ ಏನಾಗುತ್ತೆ ಅಂತ ನನಗೆ ಗೊತ್ತು, ಅವನಿಗೆ ಗೊತ್ತಿಲ್ಲ."

"ಕೈಪಟ್ಟಿ ಎಷ್ಟು ಸಲ ತೋರಿಸಿದ್ರಿ?" ಎಂದು ಕೇಳಿದೆ.

"ಎರಡು ಸಲ. ಇನ್ನೊಂದೇ ಉಳಿದಿರೋದು, ಅದಕ್ಕೇ ಮತ್ತೆ ತೋರಿಸದೆ ನಿಮಗೆ ಫೋನ್ ಮಾಡ್ದೆ."

"ಬೆಳಿಗ್ಗೆಯಿಂದ ಬೇರೆಯವರಿಗೆ ತೆಗೀತಾ?"

"ತೆಗೀತು. ಒಬ್ಬ ಹುಡುಗನಿಗೆ, ಒಬ್ಬ ಬಾಣಂತಿಗೆ. ಏನೂ ತೊಂದ್ರೆ ಆಗ್ಲಿಲ್ಲ."

ನಾನು ಫೋನಿನ ಹತ್ತಿರ ಸರಿದೆ. "ಈ ಹೆಂಗಸು ಹುಟ್ಟಿದ ವರ್ಷ?"

"ಅರವತ್ತೊಂದು. ಇಂಕೆರಿ ಪೊಕ್ಕಾ, ಮಾರ್ಚ್ ಹದಿನಾಲ್ಕು, ಅರವತ್ತೊಂದು."

ಕಾಫಿ ಕೋಣೆಯಲ್ಲಿ ಎಲ್ಲರೂ ನನ್ನನ್ನೇ ನೋಡಿದರು. ನಾನು ಕೈಯಲ್ಲಿದ್ದ ಬನ್ನನ್ನು ಮೇಜಿನ ಮೇಲೆ ಬಿಟ್ಟು ನನ್ನ ಕೋಣೆಗೆ ಓಡಿದೆ. ಅನ್ಸೆಲ್ಮಿ ಫೋನು ಹಿಡಿದುಕೊಂಡು ಹಿಂದೆಯೇ ಬಂದ. 1961ರ ಮಾರ್ಚ್ ಹದಿನಾಲ್ಕರ ನಡುಮಧ್ಯಾಹ್ನದ ಸೆಕೆಂಡನ್ನು ನನ್ನ ಕೋಡ್‌ಗೆ ಕೊಟ್ಟು ನೋಡಿದೆ. ರೈಮೊನ ಪ್ರೋಗ್ರಾಮ್ ಎಲ್ಲ ಹುಟ್ಟುದಿನವನ್ನೂ ಮಧ್ಯಾಹ್ನದ ಲೆಕ್ಕದಲ್ಲೇ ಇಡುತ್ತದೆ. ಮಾರ್ಚ್ ಹದಿನಾಲ್ಕು ಎಂದೇ ಬಂತು. ಹಿಂದಿನ ದಿನ ಕೊಟ್ಟೆ, ಮುಂದಿನ ದಿನ ಕೊಟ್ಟೆ, ಎಲ್ಲವೂ ಸರಿ. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಹೊತ್ತಿನಲ್ಲೂ ನನಗೆ ಮೊದಲು ಬಂದದ್ದು ಸಮಾಧಾನ.

"ನಂದು ಸರಿ ಇದೆ" ಅಂದೆ ಜೋರಾಗಿ.

"ಅದೇ ತೊಂದ್ರೆ ಆಗಿರೋದು" ಎಂದಿತು ಬಾಗಿಲಿನಿಂದ ಒಂದು ದನಿ. ರೈಮೊ ನಿಂತಿದ್ದ. "ನಿಂದು ಸರಿ ಇದೆ. ಮುಂಚೆ ತಪ್ಪಿತ್ತಲ್ಲ, ಒಂದು ದಿನ ಮುಂದೆ ತೋರಿಸ್ತಿತ್ತಲ್ಲ, ಅದು ನನಗೆ ಗೊತ್ತಿತ್ತು. ಸೊನ್ನೆ ಕೆಳಗಿನ ತಾರೀಕು ಬಂದ್ರೆ ನಾನು ಒಂದು ದಿನ ಕಳೀತಿದ್ದೆ."

"ಏನಂದೆ?"

"ಕಳೀತಿದ್ದೆ. ನಿನ್ನ ತಪ್ಪು ಮುಂದಕ್ಕೆ ತಳ್ಳೋದು, ನಾನು ಹಿಂದಕ್ಕೆ ಎಳೆಯೋದು. ಸರಿ ಬರ್ತಿತ್ತು. ಈಗ ತಳ್ಳೋರಿಲ್ಲ, ನಾನು ಎಳೀತಾನೇ ಇದೀನಿ."

ಅಂದರೆ ನಾನು ಬಾಗಿದ್ದ ಕಂಬವನ್ನು ನೆಟ್ಟಗೆ ಮಾಡಿದ್ದೆ, ಅದಕ್ಕೆ ಇನ್ನೊಂದು ಕಡೆಯಿಂದ ಇವನು ಹಗ್ಗ ಕಟ್ಟಿ ಎಳೆದಿದ್ದಾನೆಂದು ನನಗೆ ಯಾರೂ ಹೇಳಿರಲಿಲ್ಲ. ಪರೀಕ್ಷೆಯಲ್ಲೂ ಸಿಕ್ಕಿರಲಿಲ್ಲ. ನಮ್ಮ ಪರೀಕ್ಷೆಯ ಸುಳ್ಳು ರೋಗಿಗಳೆಲ್ಲ 2000ನೇ ಇಸವಿ ಜನವರಿ ಒಂದರಂದು ಹುಟ್ಟಿದವರು, ಟೈಪ್ ಮಾಡಲು ಸುಲಭವೆಂದು. ಅವನ ಕುತ್ತಿಗೆ ಹಿಸುಕಬೇಕೆನಿಸಿತು, ಆದರೆ ಮೊದಲು ಆ ಹೆಂಗಸಿನ ಜೀವ ಇತ್ತು.

"ಹಳೇ ಆವೃತ್ತಿಗೆ ವಾಪಸ್ ಹೋಗೋಣ" ಅಂದ ಅನ್ಸೆಲ್ಮಿ. "ಇಬ್ಬರ ಒಪ್ಪಿಗೆ ಬೇಕು, ಈಗಲೇ ಹಾಕಿ."

"ಹಾಕಿದ ಮೇಲೆ ಕಪಾಟು ಮೊದಲಿಂದ ಶುರುವಾಗುತ್ತೆ" ಅಂದ ರೈಮೊ. "ಒಂದೊಂದೇ ಖಾನೆಯ ತಂಪು ನೋಡ್ಕೊಂಡು ಬರುತ್ತೆ. ಮುಕ್ಕಾಲು ಗಂಟೆ ಆಗುತ್ತೆ."

ಫೋನಿನಲ್ಲಿ ವಿಯೆನಾ ಯಾರನ್ನೋ ಕೂಗಿ ಕೇಳಿದ್ದು ಕೇಳಿಸಿತು. ಉತ್ತರವೂ ಕೇಳಿಸಿತು. ಡಾಕ್ಟರ ದನಿ ಇರಬೇಕು, ಸಿಟ್ಟಿನದು: "ಮುಕ್ಕಾಲು ಗಂಟೆನಾ? ಅವರಿಗೆ ಕಾಲು ಗಂಟೆನೂ ಇಲ್ಲ ಅಂತ ಹೇಳು."

ನಾನು ಫೋನಿಗೆ ಬಾಗಿದೆ. "ವಿಯೆನಾ, ಕೇಳಿ. ಕಪಾಟಿನ ಪರದೆ ಮೇಲೆ ಅವರ ಹೆಸರು ಇದೆಯಾ? ಹುಟ್ಟಿದ ದಿನ ಏನಂತ ತೋರಿಸ್ತಿದೆ?"

"ಇರಿ... ಇದೆ. ಇಂಕೆರಿ ಪೊಕ್ಕಾ. ಮಾರ್ಚ್ ಹದಿಮೂರು... ಅಯ್ಯೋ, ಹದಿಮೂರು ಅಂತಿದೆ! ನಾನು ನಿನ್ನೆ ಹದಿನಾಲ್ಕು ಅಂತಾನೇ ಹಾಕಿದ್ದು!"

"ನೀವು ಹಾಕಿದ್ದು ಸರಿಯಾಗೇ ಇದೆ. ಕಪಾಟು ಓದೋದು ತಪ್ಪು. ಹೊಸ ಕೈಪಟ್ಟಿ ಒಂದು ಮುದ್ರಿಸಿ, ಹುಟ್ಟಿದ ದಿನ ಮಾರ್ಚ್ ಹದಿಮೂರು ಅಂತ. ಅದನ್ನ ತೋರಿಸಿ, ತೆಗೆಯುತ್ತೆ."

"ಸುಳ್ಳು ಕೈಪಟ್ಟಿನಾ?" ಅಂದಳು ವಿಯೆನಾ. ದನಿ ತಣ್ಣಗಾಗಿತ್ತು. "ಇಪ್ಪತ್ತೆರಡು ವರ್ಷದಿಂದ ಈ ಕೆಲಸ ಮಾಡ್ತಿದೀನಿ. ಕೈಪಟ್ಟಿ ಮೇಲೆ ಸುಳ್ಳು ಬರೆದ ದಿನ ನನ್ನ ಕೈ ಕತ್ತರಿಸಿ ಬಿಡಿ ಅಂತ ನಾನೇ ಹೊಸಬರಿಗೆ ಹೇಳಿಕೊಡ್ತೀನಿ. ರೋಗಿ ಮಲಗಿದಾರೆ, ಮಾತಾಡೋ ಹಾಗಿಲ್ಲ. ಅವರು ಯಾರು ಅನ್ನೋಕೆ ಅದೊಂದೇ ಇರೋದು."

"ಅವರ ಕೈಯಿಂದ ಏನೂ ಬಿಚ್ಚಬೇಡಿ. ಹೊಸದನ್ನ ಕಪಾಟಿಗೆ ಮಾತ್ರ ತೋರಿಸಿ ಹರಿದು ಹಾಕಿ. ಚೀಲದ ಮೇಲೆ ರಕ್ತಕೇಂದ್ರದವರ ಚೀಟಿ ಇದೆ ಅಲ್ವಾ? ಅದು ನಮ್ಮ ಯಂತ್ರ ಬರೆದದ್ದಲ್ಲ. ಅದನ್ನ ನಿಮ್ಮ ಕಣ್ಣಲ್ಲೇ ಓದಿ, ಅವರ ಕೈಯಲ್ಲಿರೋ ನಿಜವಾದ ಪಟ್ಟಿಗೆ ಹೊಂದಿಸಿ ನೋಡಿ. ಹೊಂದದಿದ್ರೆ ಒಂದು ಹನಿನೂ ಕೊಡಬೇಡಿ. ನಾವು ಬೀಗಕ್ಕೆ ಸುಳ್ಳು ಹೇಳ್ತಿದೀವಿ, ರೋಗಿಗಲ್ಲ."

ವಿಯೆನಾ ಉಸಿರು ಬಿಟ್ಟಳು. "ಸರಿ. ಮುದ್ರಿಸ್ತೀನಿ. ಹದಿಮೂರು."

"ಹದಿಮೂರಲ್ಲ" ಅಂದ ರೈಮೊ.

ನಾನು ತಿರುಗಿದೆ. ಅವನ ಹಣೆಯ ಮೇಲೆ ಬೆವರಿತ್ತು. "ಹನ್ನೆರಡು" ಅಂದ.

"ಪರದೆ ಮೇಲೆ ಹದಿಮೂರು ಅಂತ ಅವರೇ ಓದ್ತಿದಾರೆ ಮಾರಾಯ!"

"ಪರದೆ ಬೇರೆ, ಖಾನೆ ಬೇರೆ. ಅದು ಹಳೇ ಮಾದರಿ ಕಪಾಟು. ಅದರಲ್ಲಿ ಖಾನೆಗಳಿಗೆ ಅಂತ ಒಂದು ಸಣ್ಣ ಯಂತ್ರ ಪ್ರತ್ಯೇಕ ಇದೆ. ಪರದೆ ಕೊಟ್ಟ ತಾರೀಕನ್ನ ಅದು ಇನ್ನೊಂದು ಸಲ ಲೆಕ್ಕ ಹಾಕುತ್ತೆ. ಎರಡು ಸಲ ಲೆಕ್ಕ, ಎರಡು ಸಲ ಮುಂದಕ್ಕೆ ಹೋಗ್ತಿತ್ತು. ಅಲ್ಲೂ ಒಂದು ದಿನ ಕಳೆದಿದ್ದೆ ನಾನು."

ನಾನು ಅವನ ಕೋಡ್ ತೆರೆದೆ. ಪರದೆಗೆ ಸಂಬಂಧಿಸಿದ ಕಡೆ ಕಳೆಯುವ ಸಾಲು ಇತ್ತು, ಯಾವ ವಿವರಣೆಯೂ ಇಲ್ಲದ ಒಂಟಿ ಸಾಲು. ಖಾನೆಗಳ ಕಡೆ ಹುಡುಕಿದೆ, ಮೇಲಿಂದ ಕೆಳಗೆ ಎರಡು ಸಲ ಹುಡುಕಿದೆ. ಅಂಥದ್ದೇನೂ ಇರಲಿಲ್ಲ.

"ಇಲ್ಲ ಕಣೋ. ಇಲ್ಲಿ ಎಲ್ಲೂ ಇಲ್ಲ."

"ಅಲ್ಲಿರಲ್ಲ. ಆ ಆಸ್ಪತ್ರೆಗೆ ನಾನೇ ಹೋಗಿ, ಆ ಕಪಾಟಿನ ಒಳಗೇ ಹಾಕಿ ಬಂದೆ. ಇಲ್ಲಿಗೆ ತಂದು ಸೇರಿಸ್ಲಿಲ್ಲ."

"ಯಾಕೆ?"

"ಸೇರಿಸಿದ್ರೆ ನೀವೆಲ್ಲ ಕೂತು ಓದಬೇಕಾಗ್ತಿತ್ತು. ಒಂದು ಸಾಲಿಗೆ ಎಲ್ಲರಿಗೂ ಯಾಕೆ ತೊಂದ್ರೆ ಅಂತ."

"ಇವತ್ತಿನ ಹೊಸ ಆವೃತ್ತಿ ಅದನ್ನ ಅಳಿಸಿ ಹಾಕಿರಬಹುದಲ್ಲ" ಅಂದ ಅನ್ಸೆಲ್ಮಿ. ಅವನೂ ದಡ್ಡನಲ್ಲ. "ಹಾಗಿದ್ರೆ ಹದಿಮೂರೇ ಸರಿ."

"ಅಳಿಸಲ್ಲ. ಅಡಿಯಲ್ಲಿರೋ ಸಿಸ್ಟಮ್ ಮಾತ್ರ ಹೊಸದು. ಮೇಲೆ ನಾನು ಹಾಕಿದ ತೇಪೆ ಹಾಗೇ ಇರುತ್ತೆ."

ಒಂದು ಕಡೆ ಕಣ್ಣಿಗೆ ಕಾಣುವ ಪರದೆ, ಕಣ್ಣಿಗೆ ಕಾಣುವ ಕೋಡ್. ಎರಡೂ ಹದಿಮೂರು ಅನ್ನುತ್ತಿದ್ದವು. ಇನ್ನೊಂದು ಕಡೆ ರೈಮೊನ ಬಾಯಿಮಾತು. ಉಳಿದಿರುವುದು ಒಂದೇ ಸರದಿ, ಅದು ತಪ್ಪಿದರೆ ಕಪಾಟಿಗೆ ಬೀಗ, ಇಂಕೆರಿ ಪೊಕ್ಕಾ ಆ ಟೇಬಲ್ ಮೇಲೆಯೇ ಸಾಯುತ್ತಾಳೆ. ನಾನು ನನ್ನ ಜೀವಮಾನವಿಡೀ ಬರೆದದ್ದನ್ನು ನಂಬಿದವಳು. ಯಾರು ಏನೇ ಹೇಳಲಿ, 'ತೋರಿಸು' ಅನ್ನುವುದೇ ನನ್ನ ಅಭ್ಯಾಸ. ನನಗೆ ಭಯವಾಯಿತು.

"ರೈಮೊ, ಖಂಡಿತವಾ?"

"ಖಂಡಿತ."

ಈ ಮನುಷ್ಯ ಹೊರಗೆ ಹಿಮ ಬೀಳುತ್ತಿರುವಾಗಲೂ 'ಬೀಳ್ತಿರಬಹುದು' ಅನ್ನುವವನು. ಅವನ ಬಾಯಲ್ಲಿ ಈ ಪದ ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

"ವಿಯೆನಾ" ಅಂದೆ. "ಹದಿಮೂರು ಬೇಡ. ಹನ್ನೆರಡು ಅಂತ ಮುದ್ರಿಸಿ."

"ಹಿಲ್ಕಾ!" ಎಂದು ಅನ್ಸೆಲ್ಮಿ ನನ್ನ ತೋಳು ಹಿಡಿದ. "ಎಲ್ಲೂ ಬರೆದಿಲ್ಲದ್ದನ್ನ ನಂಬ್ಕೊಂಡು..."

"ಬಿಡು ತೋಳು."

ಫೋನಿನಲ್ಲಿ ವಿಯೆನಾಳ ದನಿ ಒಡೆದಿತ್ತು. "ಈಗ ತಾನೆ ಹದಿಮೂರು ಅಂದ್ರಿ! ನನ್ನ ಕಣ್ಣೆದುರು ಹದಿಮೂರು ಅಂತ ಇದೆ! ನಿಮ್ಮಲ್ಲೇ ಜಗಳ ಆಡ್ತಿದೀರಿ, ನಾನು ಯಾರ ಮಾತು ಕೇಳ್ಲಿ? ಇಲ್ಲಿ ಗ್ರೈಂಡರ್ ಬಂತು, ಅವನು ವೈರ್ ಸಿಗಿಸ್ತಿದಾನೆ!"

ನಾನು ಫೋನನ್ನು ರೈಮೊನ ಕೈಗೆ ಕೊಟ್ಟೆ. "ನೀನೇ ಹೇಳು. ನಿನ್ನ ಬಾಯಿಂದಲೇ ಕೇಳ್ಲಿ ಅವರು."

ಅವನು ಫೋನನ್ನು ಬಿಸಿ ಪಾತ್ರೆ ಹಿಡಿದ ಹಾಗೆ ಹಿಡಿದುಕೊಂಡ. "ನಾನು ರೈಮೊ" ಅಂದ. "ಆ ಕಪಾಟಿಗೆ ತೇಪೆ ಹಾಕಿದವನು ನಾನೇ. ಒಂದು ಚಳಿಗಾಲದಲ್ಲಿ ಬಂದಿದ್ದೆ. ವಯಸ್ಸಾದವರೊಬ್ಬರ ಖಾನೆ ತೆಗೀತಿರಲಿಲ್ಲ ನಿಮ್ಮಲ್ಲಿ. ಪರದೆಯಲ್ಲಿ ಸರಿಯಾಗೇ ಕಾಣ್ತಿತ್ತು, ಖಾನೆ ಮಾತ್ರ ಒಪ್ತಿರಲಿಲ್ಲ."

"ಇರಿ, ಇರಿ. ಪೂರ್ತಿ ದಿನ ಕಪಾಟಿನ ಹಿಂದೆ ಮಲಗಿದ್ರಲ್ಲ, ಆ ಮಾತೇ ಆಡದ ಮನುಷ್ಯ ನೀವೇನಾ?"

"ಹೌದು."

"ಕಾಫಿ ಕೊಟ್ಟವಳು ನಾನೇ. ಏನು ರಿಪೇರಿ ಅಂತ ಕೇಳಿದ್ದಕ್ಕೆ 'ಚೂರು' ಅಂದು ಹೊರಟುಹೋದ್ರಿ!"

"ಆ ಚೂರೇ ಇದು" ಅಂದ ರೈಮೊ. "ಅವತ್ತು ನಿಮಗೆ ಪೂರ್ತಿ ಹೇಳಿದ್ರೆ ಇವತ್ತು ನೀವು ನಂಬ್ತಿದ್ರಿ. ಹೇಳ್ಲಿಲ್ಲ. ಈಗ ಹೇಳ್ತಿದೀನಿ. ಪರದೆ ಒಂದು ದಿನ ಹಿಂದೆ ಇದ್ರೆ, ಖಾನೆ ಎರಡು ದಿನ ಹಿಂದೆ ಇರುತ್ತೆ. ಹನ್ನೆರಡು ಹಾಕಿ, ದಯವಿಟ್ಟು."

ಮುದ್ರಕದ ಕರಕರ ಸದ್ದು ಕೇಳಿಸಿತು. ಅದರ ಹಿಂದೆ ವಿಯೆನಾ ಯಾರಿಗೋ ಕಿರುಚಿದಳು, "ಆರಿಸೋ ಅದನ್ನ! ಒಂದು ನಿಮಿಷ ನಿಲ್ಲೋ!" ಗ್ರೈಂಡರಿನ ಗುಂಯ್ ಎನ್ನುವ ಸದ್ದು ಇಳಿದು ನಿಂತಿತು. ಅನ್ಸೆಲ್ಮಿ ಗೋಡೆಗೆ ಹಣೆ ಒತ್ತಿ ನಿಂತಿದ್ದ. ನಾನು ರೈಮೊನ ತೋಳಿನ ಬಟ್ಟೆ ಹಿಡಿದುಕೊಂಡಿದ್ದೆ, ಯಾವಾಗ ಹಿಡಿದೆನೋ ಗೊತ್ತಿಲ್ಲ.

ಕಪಾಟಿನಿಂದ ಪೀಪ್ ಎಂಬ ಸದ್ದು ಬಂತು. ಆಮೇಲೆ ಏನೂ ಇಲ್ಲ. ಖಾನೆಗಳು ಸುತ್ತುವ ಸದ್ದು ಇಷ್ಟು ನಿಧಾನವೆಂದು ನನಗೆ ಆವತ್ತಿನವರೆಗೂ ತಿಳಿದಿರಲಿಲ್ಲ. ಸುತ್ತಿತು, ಸುತ್ತಿತು, ನಿಂತಿತು. ಟಕ್ ಎಂದಿತು.

"ತೆಗೀತು" ಅಂದಳು ವಿಯೆನಾ. ಅಷ್ಟೇ ಹೇಳಿ ಚೀಟಿ ಓದತೊಡಗಿದಳು, ತನಗೆ ತಾನೇ, ಒಂದೊಂದೇ ಅಕ್ಷರ ಬಿಡಿಸಿ: "ಇಂಕೆರಿ ಪೊಕ್ಕಾ. ಹದಿನಾಲ್ಕು, ಮೂರು, ಅರವತ್ತೊಂದು. ಹದಿನಾಲ್ಕು, ಮೂರು, ಅರವತ್ತೊಂದು." ಆಮೇಲೆ ಓಡುವ ಹೆಜ್ಜೆಗಳು. ಫೋನು ಅಲ್ಲೇ ಎಲ್ಲೋ ಬಿದ್ದಿರಬೇಕು, ಮೇಂಟೆನೆನ್ಸಿನವನು ಗ್ರೈಂಡರಿನ ವೈರು ಸುತ್ತುತ್ತಾ ಗೊಣಗುವುದು ಕೇಳಿಸುತ್ತಿತ್ತು.

ರೈಮೊ ಮೆಲ್ಲಗೆ ನನ್ನ ಕುರ್ಚಿಯಲ್ಲಿ ಕೂತ. ನನ್ನ ಭಯವೆಲ್ಲ ಈಗ ಸಿಟ್ಟಾಗಿ ತಿರುಗಿತು.

"ಹದಿನಾರು ವರ್ಷ!" ಎಂದು ಕೂಗಿದೆ. "ಪಕ್ಕದ ಪಕ್ಕದ ಕೋಣೆ! ಆ ತಪ್ಪು ತೆಗೀಬೇಕು ಅಂತ ನಾನು ಪ್ರತಿ ಮೀಟಿಂಗಲ್ಲೂ ಗಂಟಲು ಹರ್ಕೊಂಡೆ. ನೀನು ಅದೇ ಮೇಜಿನ ಆಚೆ ಕೂತು ಕಾಫಿ ಕುಡೀತಿದ್ದೆ. 'ನಾನು ಕಳೀತಿದೀನಿ, ತೆಗೆದ್ರೆ ಹೇಳು' ಅಂತ ಅರ್ಧ ಮಾತು ಹೇಳೋಕೆ ನಿನ್ನ ಗಂಟೇನು ಹೋಗ್ತಿತ್ತು?"

"ನಿನ್ನನ್ನ ಸೋಲಿಸಿದ ಹಾಗೆ ಆಗ್ತಿತ್ತು" ಅಂದ.

"ಅಂದ್ರೆ?"

"ಯಾರಾದ್ರೂ ದೂರು ಕೊಟ್ಟಿದಾರಾ ಅಂತ ಅನ್ಸೆಲ್ಮಿ ಕೇಳ್ತಿದ್ದ. ನಾನೇ ಎಲ್ಲ ಸರಿ ಮಾಡ್ತಿದೀನಿ ಅಂದ್ರೆ, ಹಾಗಾದ್ರೆ ತಿದ್ದೋದೇ ಬೇಡ ಅಂತಿದ್ದ. ಅದಕ್ಕೆ ಸುಮ್ಮನಿದ್ದೆ. ತಿದ್ದುಪಡಿ ಬಂದ ದಿನ ನನ್ನದನ್ನ ತೆಗೆದುಬಿಡೋಣ ಅಂದ್ಕೊಂಡಿದ್ದೆ. ಬೇಟೆಗೆ ಹೋಗಿದ್ದಾಗಲೇ ಬಂತು. ಈಗ ಕೋಣೆಗೆ ಹೋಗಿದ್ದೂ ಅದನ್ನ ತೆಗೆಯೋಕೇ, ಅಷ್ಟರಲ್ಲಿ ಫೋನ್ ಬಂತು."

ಯಾರೂ ದೂರು ಕೊಡಲಿಲ್ಲವೆಂದು ಇಷ್ಟು ವರ್ಷ ನನ್ನ ಬಾಯಿ ಮುಚ್ಚಿಸಿದ್ದಕ್ಕೆ ಕಾರಣ ಈ ಮನುಷ್ಯನೇ. ನನ್ನ ತಪ್ಪಿನ ಮುಂದೆ ನಿಂತು ಒಂದೂ ದೂರು ಹೊರಗೆ ಬರದ ಹಾಗೆ ಕಾದಿದ್ದ, ಅದೂ ನನ್ನ ಪರವಾಗಿ ಎಂದುಕೊಂಡು. ಬೈಯಲೋ ತಬ್ಬಿಕೊಳ್ಳಲೋ ಗೊತ್ತಾಗಲಿಲ್ಲ, ಎರಡೂ ಮಾಡಲಿಲ್ಲ.

"ಎಲ್ಲ ಕಪಾಟುಗಳನ್ನೂ ಹಳೇ ಆವೃತ್ತಿಗೆ ಕಳಿಸಿ" ಅಂದ ಅನ್ಸೆಲ್ಮಿ, ಗೋಡೆಯಿಂದ ತಿರುಗದೆ. "ಮುಂದಿನ ಮುದುಕರಿಗೆ ರಕ್ತ ಬೇಕಾಗೋ ಮುಂಚೆ."

ನಾನೇ ಕೂತೆ. ರೈಮೊ ಎದ್ದು ಜಾಗ ಬಿಟ್ಟ. ನನ್ನ ತಿದ್ದುಪಡಿಯನ್ನು, ಆ ನಾಲ್ಕು ಚೊಕ್ಕ ಸಾಲುಗಳನ್ನು, ನನ್ನ ಕೈಯಾರೆ ಅಳಿಸಿದೆ. ಹಳೆಯ ತಪ್ಪನ್ನು ಅದರ ಜಾಗದಲ್ಲಿ ಮತ್ತೆ ಕೂರಿಸಿದೆ. ಅಳು ಬಂತು, ತಡೆಯಲಿಲ್ಲ. ಸರಿಯಾದದ್ದನ್ನು ಕಿತ್ತು ತಪ್ಪನ್ನು ನೆಡುವುದು, ಅದು ತಪ್ಪೆಂದು ಗೊತ್ತಿದ್ದೇ ನೆಡುವುದು, ನನ್ನ ಕಸುಬಿನವರಿಗೆ ಇದಕ್ಕಿಂತ ಕಷ್ಟದ ಕೆಲಸ ಇಲ್ಲ. ಒಪ್ಪಿಗೆಯ ಜಾಗದಲ್ಲಿ ನನ್ನ ಹೆಸರು ಹಾಕಿದೆ, ಅದರ ಕೆಳಗೆ ಅವನು ತನ್ನ ಹೆಸರು ಹಾಕಿದ.

ಕಪಾಟುಗಳು ಒಂದೊಂದಾಗಿ ಹಿಂದಕ್ಕೆ ತಿರುಗುತ್ತಿರುವಾಗ ಮತ್ತೆ ಫೋನು ಬಂತು. ವಿಯೆನಾ.

"ನಿಂತಿತು" ಅಂದಳು. "ರಕ್ತ ನಿಂತಿತು. ಹೊಟ್ಟೆ ಹೊಲೀತಿದಾರೆ. ಡಾಕ್ಟರ್ ನಿಮ್ಮೆಲ್ಲರನ್ನೂ ಬೈದ್ರು, ಅದನ್ನ ನಾನು ಹೇಳಲ್ಲ." ನಕ್ಕಳು, ನಗುವಾಗಲೇ ಮೂಗೆಳೆದುಕೊಂಡಳು. "ಎಚ್ಚರ ಆದ ಮೇಲೆ ಪೊಕ್ಕಾ ಅವರಿಗೆ ಹೇಳ್ಬೇಕು, ಬದುಕ್ಸೋಕೆ ಅಂತ ನಿಮಗೆ ಎರಡು ದಿನ ವಯಸ್ಸು ಜಾಸ್ತಿ ಮಾಡಿದ್ವಿ ಅಂತ. ಆ ಮಾತಾಡದ ಮನುಷ್ಯ ಇದಾರಾ ಅಲ್ಲಿ? ಥ್ಯಾಂಕ್ಸ್ ಹೇಳಿ ಅವರಿಗೆ."

ರೈಮೊ ಕಿವಿಯವರೆಗೆ ಕೆಂಪಾದ. ಕೋಟು ಎತ್ತಿಕೊಂಡು ಬಾಗಿಲ ಕಡೆ ಹೊರಟ, ಏನೂ ಆಗಲೇ ಇಲ್ಲ ಎಂಬಂತೆ. ಆಗ ನನಗೆ ಒಂದು ಯೋಚನೆ ಬಂತು.

"ರೈಮೊ, ನಿಲ್ಲು. ತೊಂದ್ರೆ ಕೊಡಬಾರದು ಅಂತ ನೀನು ಒಬ್ಬನೇ ಹೋಗಿ ಹಾಕಿ ಬಂದ ತೇಪೆ, ಅದೊಂದೇ ತಾನೆ?"

ಅವನು ಬಾಗಿಲ ಹಿಡಿಯಿಂದ ಕೈ ತೆಗೆದ. ಆಮೇಲೆ ಕೋಟನ್ನು ಮತ್ತೆ ಗೂಟಕ್ಕೆ ಹಾಕಿ, ಇನ್ನೊಂದು ಕುರ್ಚಿಯನ್ನು ನನ್ನ ಮೇಜಿನ ಹತ್ತಿರ ಎಳೆದ.

"ಮನೆಗೆ ಫೋನ್ ಮಾಡಿ ಲೇಟಾಗುತ್ತೆ ಅಂತ ಹೇಳ್ಬಿಡು" ಅಂದ.